ಮಚ್ಛೇಂದ್ರನನ್ನು ತಡೆಯುವ ಬಗೆ

ಸಾಯಗಾಂವ, ಭಾಲ್ಕಿ ತಾಲ್ಲೂಕು
ಶ್ರೀಮುಖ ಸಂವತ್ಸರ, ಆಶ್ವೀಜ ಬಹುಳ ಪಂಚಮಿ

ಚಿರಂಜೀವಿ ಮೊಮ್ಮಗ ಹಾವಗೆಪ್ಪನಿಗೆ,

ನಿನ್ನ ಆಯಿ ಈರಮ್ಮ ಬರೆಯುವುದು. ನಿನ್ನಪ್ಪ, ನಿನ್ನವ್ವ, ಎಮ್ಮೆ, ಅದರ ಕರು, ಎಲ್ಲರೂ ಉಂಡುಕೊಂಡು ಇದ್ದೇವೆ. ಬೀದರದಿಂದ ನಿನ್ನ ಕಾಗದ ಬಂದಿತು. ಮೇಲೆ ‘ಆಜೂರ್, ಫಸಲಿ ೧೩೪೩’ ಎಂದು ಬರೆದಿದ್ದೀ. ಸರಕಾರದ ಸಾಲೆಗೆ ಹೋದವನಿಗೆ ಸರಕಾರದ ತಿಂಗಳು. ನನಗೆ ಮಠದ ಅಯ್ಯನವರು ಕಲಿಸಿದ್ದು ಚೈತ್ರ ವೈಶಾಖ ಮಾತ್ರ. ಎರಡು ಚಳಿಗಾಲ ಅವರ ಮುಂದೆ ಕುಳಿತು ಮರಳಿನಲ್ಲಿ ಬೆರಳು ತೀಡಿದ ವಿದ್ಯೆ ನನ್ನದು. ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು, ಗೆಳೆಯರಿಗೆ ತೋರಿಸಿ ನಗಬೇಡ.

ಸಾಲೆಯ ಫುಟ್‌ಬಾಲ್ ತಂಡದಲ್ಲಿ ನಿನ್ನನ್ನು ‘ಬ್ಯಾಕ್’ ಮಾಡಿದ್ದಾರೆಂಬ ಸುದ್ದಿ ಕೇಳಿ ನಿನ್ನಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ಬೋರ್ಡಿಂಗದಾಗ ಬಿಟ್ಟಿ ಅನ್ನ ಹಾಕಿ ಓದಸ್ಲಕತ್ತಾರ, ಇಂವ ತೊಗಲಿನ ಚೆಂಡ ಒದಿಲಾಕ ಹೋಗ್ಯಾನ?” ಅಂದ.

“ಒದಿಯೂದು ಮುಂದಿನವ್ರ ಕೆಲಸ ಅಂತ. ನಮ್ಮ ಹುಡುಗ ಹಿಂದ ನಿಂತು ಬರೋರನ್ನ ತಡೀತಾನ,” ಅಂದೆ.

“ಹಂಗಾರ ಬಾಗಲಾ ಕಾಯೂ ನಾಯಿ ಆದ.”

“ನಾಯಿ ಇಲ್ಲದ ಮನ್ಯಾಗ ನೀ ಎಂದರ ನಿದ್ದಿ ಮಾಡಿಯೇನು ಬಸವಣ್ಣೆಪ್ಪಾ?” ಅಂದೆ. ಎದ್ದು ಹೊಲಕ್ಕೆ ಹೋದ.

ನಿನ್ನಪ್ಪನಿಗೆ ತಿಳಿಯದು, ನನಗೆ ತಿಳಿಯಿತು. ಯಾಕೆಂದರೆ ನೀನು ಬರೆದದ್ದು ನಮ್ಮ ಆಟ್ಯಾಪಾಟ್ಯಾ ಆಟವೇ. ರಾಶಿ ಮುಗಿದು ಕಣ ಖಾಲಿಯಾದ ಮೇಲೆ ಹುಡುಗಿಯರೆಲ್ಲ ಸೇರಿ ಅಲ್ಲಿ ಬೂದಿಯಿಂದ ಅಡ್ಡ ಗೆರೆಗಳನ್ನು ಎಳೆಯುತ್ತಿದ್ದೆವು. ಗೆರೆಗೊಬ್ಬಳು ಕಾವಲು. ಓಡುವವರು ಈ ತುದಿಯಿಂದ ಆ ತುದಿಗೆ ಗೆರೆ ದಾಟಿ ಹೋಗಬೇಕು. ಕಾವಲಿನವಳು ಗೆರೆ ಬಿಟ್ಟು ಇಳಿಯುವಂತಿಲ್ಲ; ಕೈ ಚಾಚಿ ಮೈ ಮುಟ್ಟಿದರೆ ಓಡುವವಳು ಸತ್ತಳು. ನಾನು ಯಾವಾಗಲೂ ಕಡೆಯ ಗೆರೆ. ಗುಂಡಗಿದ್ದೆ, ಓಡಲಾರೆ, ಆದರೆ ನನ್ನನ್ನು ದಾಟಿದವರು ಕಡಿಮೆ. ಕಣ್ಣು ಸುಳ್ಳು ಹೇಳುತ್ತದೆ, ಕಾಲೂ ಸುಳ್ಳು ಹೇಳುತ್ತದೆ. ಟೊಂಕ ಎತ್ತ ತಿರುಗುತ್ತದೋ ಮನುಷ್ಯ ಅತ್ತಲೇ ಹೋಗುತ್ತಾನೆ. ಟೊಂಕ ನೋಡು.

ಬರುವ ವಾರ ಭಾಲ್ಕಿಯವರ ಮೇಲೆ ಆಟ ಎಂದಿದ್ದೀ. ಭಾಲ್ಕಿಯವರನ್ನು ನಾನು ಸಂತೆಯಲ್ಲಿ ನೋಡಿದ್ದೇನೆ. ಒಬ್ಬ ಬದನೆಕಾಯಿ ಮುಟ್ಟಿದರೆ ಹತ್ತು ಜನ ಅದೇ ಬುಟ್ಟಿಗೆ ಬೀಳುತ್ತಾರೆ. ಚೆಂಡಿಗೂ ಹಾಗೆಯೇ ಬೀಳುವರು. ನಿನ್ನ ಜೊತೆಯ ಬ್ಯಾಕ್ ಮಡೆಪ್ಪನಿಗೆ ಹೇಳು: ಒಬ್ಬ ಗುಂಪಿಗೆ ಎದುರಾಗಬೇಕು, ಇನ್ನೊಬ್ಬ ಹಿಂದೆ ನಿಂತೇ ಇರಬೇಕು. ಇಬ್ಬರೂ ಕೂಡಿ ಬುಟ್ಟಿಗೆ ಬೀಳಬೇಡಿ.

ಹೊಟ್ಟೆ ತುಂಬ ಉಣ್ಣು.

ನಿನ್ನ ಆಯಿ
ಈರಮ್ಮ


ಸಾಯಗಾಂವ
ಕಾರ್ತಿಕ ಶುದ್ಧ ದಶಮಿ

ಹಾವಗೆಪ್ಪಾ,

ಭಾಲ್ಕಿಯವರನ್ನು ಗೆದ್ದಿರಿ ಎಂದು ಓದಿ ಹಿಗ್ಗಿದೆ. ನಾನು ಹೇಳಿದ್ದು ನಡೆಯಿತೆಂದು ನೀನು ಬರೆದದ್ದನ್ನು ನಿನ್ನಪ್ಪನ ಮುಂದೆ ಜೋರಾಗಿಯೇ ಓದಿದೆ. ಆದರೆ ಅದರ ಹಿಂದೆಯೇ ಬಂದ ಇನ್ನೊಂದು ಕಾಗದವನ್ನು ಮೆಲ್ಲಗೆ ಓದಿಕೊಂಡು ಸೆರಗಿನಲ್ಲಿ ಕಟ್ಟಿದೆ. ಪೊಲೀಸರ ತಂಡದ ಮೇಲೆ ಸುಮ್ಮನೆ ಗೆರೆಯ ಮೇಲೆ ನಿಂತು ಕಾಯಿರಿ ಎಂದು ನಾನು ನಡುವೆ ಒಂದು ಚೀಟಿಯಲ್ಲಿ ಹೇಳಿದ್ದೆ; ನೀವು ಕಾದಿರಿ; ಅವರು ದೂರದಿಂದಲೇ ಒದ್ದು ಎರಡು ಗೋಲು ಹಾಕಿದರು.

“ನಿಮ್ಮ ಆಯಿಗಿ ನನ್ನ ಸಲಾಮ್ ಹೇಳು. ಈ ಆಟದಾಗ ಒಂದು ಚೆಂಡೂ ಇರ್ತದಂತ ಹೇಳು,” ಎಂದು ನಿಮ್ಮ ಡ್ರಿಲ್ ಮಾಸ್ತರ ನಬೀಸಾಬರು ಅಂದರಂತೆ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅವರ ಮಾತೇ ಖರೆ. ನಮ್ಮ ಕಣದಲ್ಲಿ ಚೆಂಡಿರಲಿಲ್ಲ. ದೂರದಿಂದ ಒದೆಯುವವನ ಹತ್ತಿರ ಹೋಗಿ ಕಾಲಿಗೆ ಕಾಲು ಕೊಡಬೇಕು, ಓಡಿಬರುವವನನ್ನು ಹಿಂದೆ ನಿಂತು ಕಾಯಬೇಕು ಎಂದು ಅವರು ಹೇಳಿದ್ದನ್ನು ನೆನಪಿಟ್ಟುಕೋ. ಬಂದ ಬೀಗರೆಲ್ಲರಿಗೂ ಒಂದೇ ಅಡುಗೆ ಮಾಡಲಾಗದು, ಹಾಗೆಯೇ ಇದೂ. ಸಲಾಮಿಗೆ ಪ್ರತಿಸಲಾಮ್ ಹೇಳು.

ಮುಂದಿನ ವೈರಿ ಔರಾದಿನವರು ಎಂದಿದ್ದೀ. ಅವರ ಬಗ್ಗೆ ನನಗೇನೂ ಗೊತ್ತಿಲ್ಲ. ಮಾಸ್ತರು ಹೇಳಿದ್ದು ಕೇಳು.

ನಿನ್ನ ಆಯಿ
ಈರಮ್ಮ


ಸಾಯಗಾಂವ
ಕಾರ್ತಿಕ ಬಹುಳ ನವಮಿ

ಹಾವಗೆಪ್ಪಾ,

ಮೂರು ಹಾಳೆ ಬರೆದಿದ್ದೀ. ನೆಲ ಜಾರುತ್ತಿತ್ತು, ಬಿಸಿಲು ಕಣ್ಣಿಗೆ ಬೀಳುತ್ತಿತ್ತು, ಔರಾದಿನ ಮಚ್ಛೇಂದ್ರ ಎಂಬ ಹುಡುಗ ಮೀನಿನಂತೆ ನುಣುಚಿ ಹೋಗಿ ಮೂರೂ ಗೋಲು ಹಾಕಿದ. ಎಲ್ಲ ಓದಿದೆ. ಮಡೆಪ್ಪ ಹಿಂದೆ ಸರಿದ, ನೀನು ಹಿಂದೆ ಸರಿದೆ, ಅವನು ನಡುವೆ ಹೋದ. ಭಾಲ್ಕಿಯವರ ಆಟ ನೀನು ಬರೆದಾಗ ಯಾರ ಮೊಳಕೈ ಯಾರ ಪಕ್ಕೆಗೆ ಬಡಿಯಿತು, ಯಾರು ಯಾರ ಮೇಲೆ ಬಿದ್ದರು ಎಂದು ಲೆಕ್ಕ ಕೊಟ್ಟಿದ್ದೆ. ಈ ಮೂರು ಹಾಳೆಯಲ್ಲಿ ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗಿದ ಮಾತೇ ಇಲ್ಲ.

ಕಡೆಯಲ್ಲಿ, ಹೋಗುವವನ ಕೈಗೆ ಚೀಲ ಕೊಟ್ಟಂತೆ, ಒಂದು ಮಾತು ಬರೆದಿದ್ದೀ. ಆಟ ಮುಗಿದ ಮೇಲೆ ಆ ಹುಡುಗ ದೂರ ನಿಂತು ನಿನ್ನ ಊರು ಕೇಳಿದ. ನೀನು ಸಾಯಗಾಂವ ಎಂದೆ. “ನಮ್ಮ ಆಯೀದೂ ಅದೇ ತವರಮನಿ. ಸುಭದ್ರಾಬಾಯಿ ಅಂತ,” ಎಂದ.

ಆ ಹೆಸರನ್ನು ನಾನು ಕೂಗಿ ಓದಿದ್ದಕ್ಕೆ ನಿನ್ನವ್ವನ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು.

ಊರ ಹೊರಗಿನ ಕೇರಿಯ ಸುಭದ್ರಿ. ಅವಳ ಅವ್ವ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ಹಿರಿಯರು ಊರಲ್ಲಿರುವಾಗ ಕಣ ನಮ್ಮದು, ಹುಡುಗಿಯರದು. ಅಲ್ಲಿ ಅವಳೂ ಆಡುತ್ತಿದ್ದಳು. ಕಡ್ಡಿಯಂಥ ಕಾಲು, ದೊಡ್ಡ ಬಾಯಿ. ನಕ್ಕರೆ ಗಿಡದ ಮೇಲಿನ ಗಿಳಿಗಳು ಹಾರುತ್ತಿದ್ದವು. ಅವಳು ಓಡಿ ಬಂದರೆ ನಮ್ಮ ಗೆರೆಗಳೆಲ್ಲ ತಾವಾಗಿಯೇ ತೆರೆಯುತ್ತಿದ್ದವು. ಮುಟ್ಟಿದರೆ ಮನೆಯಲ್ಲಿ ಹೊಡೆತ, ಎಲ್ಲರಿಗೂ ಗೊತ್ತು. ದಿನವೂ ಅವಳೇ ಗೆಲ್ಲುತ್ತಿದ್ದಳು. ಒಂದು ದಿನ ಕಣದ ನಡುವೆ ಕೂತೇಬಿಟ್ಟಳು.

“ನಾ ಆಡಂಗಿಲ್ಲ.”

“ಯಾಕಲೇ ಸುಭದ್ರಿ? ನೀನ ಗೆಲ್ಲಲಕತ್ತಿಯಲಾ!”

“ಯಾರೂ ತಡೀಲಾರ್ದ ಗೆದ್ರ ಅದೆಂಥಾ ಗೆಲುವು? ಹಾಯೂ ಎತ್ತು ಬಂದ್ರ ದಾರಿ ಬಿಡ್ತಾರಲಾ, ಹಂಗ ಬಿಡ್ತೀರಿ ನೀವು ನನಗ.”

ಮರುದಿನ ಓಡಿ ಬಂದಳು. ನಾನು ಕಡೆಯ ಗೆರೆಯಲ್ಲಿ ಬಾಗಿ ಅವಳ ಬೆನ್ನ ಮೇಲೆ ಫಟ್ಟೆಂದು ಬಾರಿಸಿದೆ. “ಸತ್ತಿ!” ಎಂದೆ. ಅವಳು ನೆಲಕ್ಕೆ ಬಿದ್ದು ನಕ್ಕ ನಗು ಇನ್ನೂ ಕಿವಿಯಲ್ಲಿದೆ ಹಾವಗೆಪ್ಪಾ. ಯಾರೋ ನೋಡಿ ಮನೆಗೆ ಸುದ್ದಿ ಮುಟ್ಟಿಸಿದರು. ನಮ್ಮವ್ವ ಬಾವಿಯ ಬಳಿ ನಿಲ್ಲಿಸಿ ತಣ್ಣೀರು ಸುರಿದಳು, ಹಲ್ಲು ಕಟಕಟ ಎನ್ನುವವರೆಗೂ ಸುರಿದಳು. ನಾನು ನಡುಗುತ್ತಲೇ ನಗುತ್ತಿದ್ದೆ. ಅಂಥ ಸುಖದ ದಿನ ನನ್ನ ಮದುವೆಯ ದಿನವೂ ಅಲ್ಲ.

ಅದೇ ವರ್ಷ ಅವಳನ್ನು ಔರಾದಿನ ಕಡೆ ಕೊಟ್ಟರು. ಹೋಗುವಾಗ ನನಗೊಂದು ಮಾತು ಹೇಳಲಿಲ್ಲ. ಗರ್ವದವಳು.

ಈಗ ಕೇಳು. ನೆಲ ಜಾರಲಿಲ್ಲ, ಬಿಸಿಲು ಬೀಳಲಿಲ್ಲ. ನೀವು ಅವನ ಮೈ ಮುಟ್ಟಲು ಹೆದರಿದಿರಿ. ಅವನಿಗೂ ಅದು ಗೊತ್ತು. ಮುಂದಿನ ಸಲ ಭುಜಕ್ಕೆ ಭುಜ ಕೊಡು.

ನಿನ್ನ ಆಯಿ
ಈರಮ್ಮ


ಸಾಯಗಾಂವ
ಮಾರ್ಗಶಿರ ಶುದ್ಧ ಷಷ್ಠಿ

ಹಾವಗೆಪ್ಪಾ,

ನಿನ್ನ ಕಾಗದ ಸಣ್ಣದು, ಭಾರ ದೊಡ್ಡದು.

ಸೋಲು ಗೆಲುವಿನ ಲೆಕ್ಕದಲ್ಲಿ ನೀವು ಎರಡನೆಯವರಾಗಿ ಉಳಿದಿರಂತೆ; ಗೆದ್ದವರಿಗೆ ಕೊಡುವ ಕಪ್ಪಿನ ಕಡೆಯ ಆಟ ಪುಷ್ಯದಲ್ಲಿ, ಬೀದರದಲ್ಲೇ, ಮತ್ತೆ ಔರಾದಿನವರ ಮೇಲೆ. ನೀನು ಹುಡುಗರ ಮುಂದೆ ಭುಜದ ಮಾತು ತೆಗೆದೆ. ಸುದ್ದಿ ಬೋರ್ಡಿಂಗಿನ ವ್ಯವಸ್ಥಾಪಕರ ಕಿವಿಗೆ ಹೋಯಿತು. “ಆ ಹುಡುಗನ ಮೈ ಮುಟ್ಟಿದಾಂವ ನಮ್ಮ ಪಂಕ್ತ್ಯಾಗ ಕೂಡಬ್ಯಾಡ,” ಎಂದು ಎಲ್ಲರೂ ಉಣ್ಣುವಾಗಲೇ ಹೇಳಿದರು. ಬೋರ್ಡಿಂಗಿನ ಅನ್ನ ತಪ್ಪಿದರೆ ನಿನ್ನ ಮ್ಯಾಟ್ರಿಕ್ ಅಲ್ಲಿಗೇ ಮುಗಿಯಿತು, ಅದು ನನಗೂ ಗೊತ್ತು, ನಿನಗೂ ಗೊತ್ತು.

ಆ ಊಟದ ಮನೆಯ ಗೋಡೆಯ ಮೇಲೆ ಬಸವಣ್ಣನ ಪಟ ಇದೆಯಲ್ಲ? ಇದೆ, ನಾನೇ ನೋಡಿದ್ದೇನೆ, ಹೂವಿನ ಹಾರ ಹಾಕಿತ್ತು. ಪಟ ಬಾಯಿ ಬಿಟ್ಟು ಮಾತಾಡುವುದಿಲ್ಲ ಎಂಬ ಧೈರ್ಯ ಆ ವ್ಯವಸ್ಥಾಪಕರಿಗೆ.

ಮಡೆಪ್ಪನ ಉಪಾಯವನ್ನೂ ಓದಿದೆ. ಮಚ್ಛೇಂದ್ರನನ್ನು ಬಿಟ್ಟುಬಿಡುವುದು, ಅವನಿಗೆ ಚೆಂಡು ಕೊಡುವವನನ್ನು ಕಟ್ಟಿಹಾಕುವುದು. ಕೊಟ್ಟರೂ ನೀವಿಬ್ಬರು ಎರಡು ಮಾರು ದೂರ ನಿಂತು ಅವನನ್ನು ಅಂಚಿನ ಕಡೆಗೆ ಅಟ್ಟಿಕೊಂಡು ಹೋಗುವುದು. ಕಾಳು ತೂಗುವ ಗಂಜ್ ಪೇಟೆಯ ಅಡತಿ ಅಂಗಡಿಯಲ್ಲಿ ಹುಟ್ಟಿದ ಹುಡುಗನ ತಲೆ ಅದು, ತೂಕ ತಪ್ಪುವುದಿಲ್ಲ. ಗೆದ್ದರೂ ಗೆಲ್ಲಬಹುದು. ಪಂಕ್ತಿಯೂ ಉಳಿದೀತು. ಆದರೆ ದನ ಅಟ್ಟುವುದಕ್ಕೂ ಹುಡುಗನನ್ನು ತಡೆಯುವುದಕ್ಕೂ ಇರುವ ಅಂತರ ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೇನೆ.

ನಿನ್ನಪ್ಪ ಕೈಮುಗಿದ. “ಯವ್ವಾ, ನಿನ್ನ ಹಳೀ ಆಟದ ಸಲುವಾಗಿ ನನ್ನ ಮಗನ ಅನ್ನಕ್ಕ ಮಣ್ಣ ಹಾಕಬ್ಯಾಡ,” ಎಂದ. ನಾನು ಹೇಳುವುದನ್ನು ಹೇಳಿದ್ದೇನೆ. ಉಣ್ಣುವ ಹೊಟ್ಟೆ ನಿನ್ನದು.

ಆಟ ನೋಡಲು ಬರುತ್ತೇನೆ. ಭಾಲ್ಕಿಯವರೆಗೆ ಬಂಡಿ, ಮುಂದೆ ಹೊಸ ರೈಲು. ಅದು ಕೂಗಿದರೆ ಹೆದರುವವಳಲ್ಲ.

ನಿನ್ನ ಆಯಿ
ಈರಮ್ಮ


ಸಾಯಗಾಂವ
ಮಾರ್ಗಶಿರ ಶುದ್ಧ ಅಷ್ಟಮಿ

ಔರಾದಿನ ಸುಭದ್ರಾಬಾಯಿಗೆ,

ನಿನ್ನ ಮೊಮ್ಮಗ ಕನ್ನಡ ಓದುತ್ತಾನಂತೆ, ಅವನೇ ಓದಿ ಹೇಳಲಿ. ಬರೆಯುತ್ತಿರುವುದು ಸಾಯಗಾಂವದ ಈರವ್ವ, ಕಡೆಯ ಗೆರೆಯ ಗುಂಡಿ. ಮರೆತಿದ್ದರೆ ಇಲ್ಲಿಗೇ ಮಡಚಿ ಒಲೆಗೆ ಹಾಕು.

ಮರೆತಿಲ್ಲವಾದರೆ ಕೇಳು. ನನಗೆ ಈಗ ಹಲ್ಲು ಕಡಿಮೆ, ಮಾತು ಹೆಚ್ಚು. ನನ್ನ ಗಂಡ ಹೋಗಿ ಬಹಳ ವರ್ಷವಾಯಿತು. ನಾವು ಆಡುತ್ತಿದ್ದ ಕಣದಲ್ಲಿ ಈಗ ಬೇರೆಯವರು ರಾಶಿ ಮಾಡುತ್ತಾರೆ. ಅಂಚಿನ ಬನ್ನಿಗಿಡ ಇನ್ನೂ ಇದೆ. ಅದರ ಬುಡದಲ್ಲಿ ನೀನು ಬಾರೆಹಣ್ಣು ಬಚ್ಚಿಡುತ್ತಿದ್ದೆ, ನಾನು ಕದಿಯುತ್ತಿದ್ದೆ.

ಮಚ್ಛೇಂದ್ರಾ, ಮುಂದಿನದು ನಿನಗಲ್ಲ. ಆದರೆ ನೀನೇ ಓದಬೇಕಲ್ಲ, ಓದು, ಕಿವಿ ಮುಚ್ಚಿಕೊಂಡು ಓದು.

ಸುಭದ್ರೀ, ಪುಷ್ಯದಲ್ಲಿ ಬೀದರದಲ್ಲಿ ನಿನ್ನ ಮೊಮ್ಮಗನಿಗೂ ನನ್ನ ಮೊಮ್ಮಗನಿಗೂ ಆಟ. ಭುಜಕ್ಕೆ ಭುಜ ಕೊಡು ಎಂದು ನನ್ನವನಿಗೆ ಹೇಳಿದ್ದೇನೆ, ನಾನು ನಿನಗೆ ಅಂದು ಬಾರಿಸಿದಂತೆ. ನೀನೂ ಬಾ. ಇಬ್ಬರೂ ಕೂತು ನೋಡೋಣ. ಅಂದು ಹೇಳದೆ ಹೋದೆ ಎಂಬ ಸಿಟ್ಟನ್ನು ಅಲ್ಲಿಯೇ ತೀರಿಸಿಕೊಳ್ಳುತ್ತೇನೆ.

ಸಾಯಗಾಂವದ
ಈರಮ್ಮ


ಔರಾದ
ಬಹಮನ್ ೬, ಫಸಲಿ ೧೩೪೩

ಸಾಯಗಾಂವದ ಈರಮ್ಮನವರಿಗೆ,

ನಾನು ಮಚ್ಛೇಂದ್ರ. ನಮ್ಮ ಆಯಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಬೇರೆ ಬರೆದರೆ ಹೊಡೆಯುವಳು.

ಈರವ್ವಾ, ಮರೆತಿಲ್ಲ. ಬಾರೆಹಣ್ಣು ಕದಿಯುವವಳು ನೀನೇ ಎಂದು ಆಗಲೇ ಗೊತ್ತಿತ್ತು. ನಿನ್ನ ಸಲುವಾಗಿಯೇ ಹೆಚ್ಚು ಇಡುತ್ತಿದ್ದೆ.

ಆ ದಿನ ನಿನಗೆ ತಣ್ಣೀರು ಸುರಿದರು ಎಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಏನಾಯಿತೆಂದು ನೀನು ಕೇಳಿಲ್ಲ, ಈಗಲೂ ಕೇಳಿಲ್ಲ. ನಮ್ಮಪ್ಪನನ್ನು ಚಾವಡಿಗೆ ಕರೆಸಿದರು. ಮಗಳನ್ನು ಹದ್ದಿನಲ್ಲಿಡು ಎಂದು ಎಲ್ಲರೆದುರು ತಲೆಯ ಮೇಲೆ ಚಪ್ಪಲಿ ಹೊರಿಸಿ ನಿಲ್ಲಿಸಿದರು. ಅವ್ವನಿಗೆ ನಿಮ್ಮ ಹೊಲದ ಕೂಲಿ ಹೋಯಿತು. ಊರಲ್ಲಿ ಇಟ್ಟುಕೊಂಡರೆ ಇನ್ನೇನು ಆಗುವುದೋ ಎಂದು ಹೆದರಿ ನನ್ನನ್ನು ಅವಸರದಲ್ಲಿ ಕೊಟ್ಟು ಕಳಿಸಿದರು. ಹೇಳಿ ಹೋಗಲು ನಿಮ್ಮ ಬಾಗಿಲಿಗೆ ಹೇಗೆ ಬರಲಿ?

ಮುಟ್ಟಿದ್ದು ನನಗೂ ಸುಖವೇ ಆಗಿತ್ತು. ನಕ್ಕದ್ದು ಸುಳ್ಳಲ್ಲ. ಆದರೆ ಆ ನಗುವಿಗೆ ನಿನಗೆ ಬಿದ್ದದ್ದು ನೀರು, ನಮಗೆ ಬಿದ್ದದ್ದು ಬೇರೆ.

ನಿನ್ನ ಮೊಮ್ಮಗ ಭುಜ ಕೊಟ್ಟು ಮನೆಗೆ ಹೋಗುವನು. ನನ್ನವನು ಅದೇ ರಾತ್ರಿ ನಿಮ್ಮಂಥವರ ಊರುಗಳ ನಡುವಿನ ದಾರಿಯಲ್ಲೇ ನಡೆದು ಔರಾದಿಗೆ ಬರಬೇಕು. ನಿನ್ನ ಹಳೆಯ ಸುಖದ ಸಲುವಾಗಿ ಅವನ ಮೈಮೇಲೆ ಯಾರೂ ಬರಬೇಡಿ. ನಾನು ಬೀದರಕ್ಕೆ ಬರುವುದಿಲ್ಲ.

ಸುಭದ್ರಾಬಾಯಿ

(ಇದು ನನ್ನದು. ಮೂರು ಗೋಲು ಹಾಕಿದ ದಿನ ನನಗೂ ಮಜಾ ಬರಲಿಲ್ಲ. – ಮಚ್ಛೇಂದ್ರ)


ಸಾಯಗಾಂವ
ಮಾರ್ಗಶಿರ ಬಹುಳ ಚತುರ್ದಶಿ

ಹಾವಗೆಪ್ಪಾ,

ಸುಭದ್ರಾಬಾಯಿಯ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಓದಿ ಮಡಚಿ ಹಿಂದಕ್ಕೆ ಕೊಡು. ನಾನು ಎಷ್ಟೋ ವರ್ಷ ಆ ಕಥೆಯನ್ನು ಅರ್ಧವೇ ಹೇಳಿಕೊಂಡು ಬಂದಿದ್ದೇನೆ, ಉಳಿದರ್ಧ ಇದೆಯೆಂದೇ ಗೊತ್ತಿರಲಿಲ್ಲ.

ಮುಟ್ಟು ಎಂದು ನಾನೇ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮುಟ್ಟಬೇಡ ಎಂದೂ ಹೇಳುವುದಿಲ್ಲ. ಮೊದಲು ಮಚ್ಛೇಂದ್ರನನ್ನೇ ಕೇಳು. ನನ್ನನ್ನಲ್ಲ, ನಿನ್ನಪ್ಪನನ್ನಲ್ಲ, ವ್ಯವಸ್ಥಾಪಕರನ್ನಲ್ಲ. ಬೇಡ ಎಂದರೆ ಮಡೆಪ್ಪನ ಉಪಾಯವನ್ನೇ ಮಾಡು, ನಾನು ಬಾಯಿ ತೆರೆಯುವುದಿಲ್ಲ.

ನಿನ್ನ ಆಯಿ
ಈರಮ್ಮ


ಬೀದರ
ಮಾಘ ಶುದ್ಧ ಪಂಚಮಿ

ಸುಭದ್ರಾಬಾಯಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಿಂಗಳು ಕಳೆಯಿತು. ಬರೆದೆ, ಹರಿದೆ. ನಿಮ್ಮಪ್ಪನ ತಲೆಯ ಮೇಲಿನ ಚಪ್ಪಲಿಗೆ ಯಾವ ಮಾತು ಇಟ್ಟರೂ ಹಗುರವೇ. ಆದ್ದರಿಂದ ಆದದ್ದನ್ನು ಮಾತ್ರ ಬರೆಯುತ್ತೇನೆ. ಮಚ್ಛೇಂದ್ರ ನಿನಗೆ ಎಲ್ಲ ಹೇಳಿರುತ್ತಾನೆ. ಆದರೆ ಓಡುವವನಿಗೆ ತನ್ನ ಬೆನ್ನು ಕಾಣುವುದಿಲ್ಲ. ನಾನು ನೋಡಿದ್ದೇನೆ.

ನಮ್ಮ ಹುಡುಗರ ಡ್ರಿಲ್ ಮಾಸ್ತರ ನಬೀಸಾಬರ ತಾಯಿ ರಹೀಮುನ್ನಿಸಾ ಮೈದಾನದ ಅಂಚಿಗೆ ಒಂದು ಹಗ್ಗದ ಹೊರಸು ಹಾಕಿಸಿ ನನ್ನನ್ನೂ ಕೂರಿಸಿಕೊಂಡಿದ್ದರು. ಆಟಕ್ಕೆ ಮೊದಲು ನಿಮ್ಮ ಹುಡುಗರು ಬೇವಿನ ಗಿಡದ ಕೆಳಗೆ ಕೂತಿದ್ದರು. ಹಾವಗೆಪ್ಪ ಒಬ್ಬನೇ ಅಲ್ಲಿಗೆ ನಡೆದ. ನಾನೂ ನೀರಿನ ನೆವ ಮಾಡಿಕೊಂಡು ಹಿಂದೆಯೇ ಹೋದೆ. ನನ್ನ ಚಾಳಿ ನಿನಗೆ ಗೊತ್ತಿದೆ.

“ಮಚ್ಛೇಂದ್ರಾ, ಮೈಮ್ಯಾಲ ಬರ್ಲ್ಯಾ?” ಎಂದು ಕೇಳಿದ.

ನಿನ್ನ ಮೊಮ್ಮಗ ಅವನನ್ನು ಕೆಳಗಿನಿಂದ ಮೇಲೆ ನೋಡಿದ. “ನಿಮ್ಮ ಬೋರ್ಡಿಂಗದಾಗ?”

“ಊಟಾ ಬಂದ್ ಮಾಡ್ತಾರ. ಅದು ನಂದು. ನಿಂದು ಹೇಳು. ಊರಾಗ ಏನರೆ ಆಗ್ತದೇನು?”

ಅವನು ನಿಮ್ಮ ಮಾಸ್ತರ ಕರೀಮ ಸಾಬರ ಕಡೆ ತಿರುಗಿದ. ಅವರು, “ಜವಾಬ್ ನೀನ ಕೊಡು. ದಾರ್ಯಾಗ ನಾ ಜೊತಿ ಇರ್ತೇನಿ,” ಎಂದರು. ಆಮೇಲೆ ಮಚ್ಛೇಂದ್ರ ಎದ್ದು ಚಡ್ಡಿಯ ಮಣ್ಣು ಕೊಡವಿದ.

“ಬಾ. ಆದರ ನಾ ಸುಮ್ನ ಬೀಳಾಂವಲ್ಲ,” ಎಂದ.

ಮೊದಲನೆಯ ಸಲ ಅವನು ಚೆಂಡು ತಂದಾಗ ಹಾವಗೆಪ್ಪ ಸರಿಯಲಿಲ್ಲ. ಭುಜಕ್ಕೆ ಭುಜ ಬಡಿದ ಸಪ್ಪಳ ನಮ್ಮ ಹೊರಸಿನವರೆಗೂ ಬಂತು. ಮಚ್ಛೇಂದ್ರ ಬಿದ್ದ. ಬೋರ್ಡಿಂಗಿನ ಹುಡುಗರ ಮುಖ ನೋಡಬೇಕಿತ್ತು ನೀನು, ಹುಣಸೆಹಣ್ಣು ತಿಂದವರಂತೆ. “ಬಿದ್ದಾಂವ ಏಳ್ತಾನ, ಇವ್ರಿಗೇನಾಗ್ಯದ?” ಎಂದರು ರಹೀಮುನ್ನಿಸಾ. ನಿನ್ನ ಕಾಗದ ನೆನಪಾಗಿ ನಗು ಬರಲಿಲ್ಲ ಸುಭದ್ರೀ. ಅವನು ಏಳುವವರೆಗೂ ನಾನು ಹೊರಸಿನಿಂದೆದ್ದು ನಿಂತೇ ಇದ್ದೆ.

ಎದ್ದ. ಎರಡನೆಯ ಸಲ ನನ್ನವನನ್ನು ಮಣ್ಣಿಗೆ ಕೆಡವಿದ. ಆಗ ಕರೀಮ ಸಾಬರು ಎರಡೂ ಕೈ ಎತ್ತಿ ಕೂಗಿದರು, ನಾನೂ ಕೂಗಿದೆ. “ಬಹೆನ್, ಬಿದ್ದಾಂವ ನಿಮ್ಮಾಂವ!” ಎಂದು ರಹೀಮುನ್ನಿಸಾ ನನ್ನ ತೊಡೆ ಚಿವುಟಿದರು.

ಅಲ್ಲಿಂದ ಮುಂದೆ ಆಟವೆಂದರೆ ಆಟ. ಆದರೆ ನಿನ್ನ ಮೊಮ್ಮಗ ನಿನ್ನಂತೆಯೇ ಕಿಲಾಡಿ. ಹಾವಗೆಪ್ಪನ ಕಡೆ ದಾರಿ ಮುಚ್ಚಿತೆಂದು ತಿಳಿದು ಮಡೆಪ್ಪನ ಕಡೆಗೆ ಸರಿದ. ಮಡೆಪ್ಪ ತನ್ನ ಎರಡು ಮಾರು ದೂರವನ್ನೇ ಹಿಡಿದುಕೊಂಡಿದ್ದ. ಅವನ ಎದುರಿನ ಬಯಲಿನಿಂದ ಮಚ್ಛೇಂದ್ರ ಸಾವಕಾಶವಾಗಿ ಹೋಗಿ ಗೋಲು ಹಾಕಿದ. ಆಮೇಲೆ ಹಾವಗೆಪ್ಪ ಅತ್ತಲೂ ಇತ್ತಲೂ ಓಡಿ ಬಸವಳಿದ. ಒಬ್ಬ ಎರಡು ಗೆರೆ ಕಾಯಲಾರ. ಅದೊಂದೇ ಗೋಲಿನಿಂದ ಕಪ್ಪು ಔರಾದಿಗೆ ಹೋಯಿತು.

ಮಡೆಪ್ಪ ಆ ದಿನ ಎಲ್ಲರೊಡನೆ ಪಂಕ್ತಿಯಲ್ಲಿ ಉಂಡ. ಹಾವಗೆಪ್ಪನ ತಾಟನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದರು. ಅಯ್ಯನವರಿಂದ ತೀರ್ಥ ತೆಗೆದುಕೊಂಡು, ತಪ್ಪಾಯಿತೆಂದರೆ ಒಳಗೆ ಬರಬಹುದು ಎಂದರು ವ್ಯವಸ್ಥಾಪಕರು.

“ತೀರ್ಥಕ್ಕ ನಾ ಒಲ್ಲೆ ಅನ್ನಂಗಿಲ್ರಿ. ತಪ್ಪಾತು ಅನ್ನೂದು ಆಗಂಗಿಲ್ಲ,” ಎಂದು ಟ್ರಂಕು ಹೊತ್ತು ಹೊರಬಿದ್ದ.

ಅವನಪ್ಪ ಪೇಟೆಗೆ ಹಾಕುವ ಜೋಳದ ಚೀಲವನ್ನೂ ಹೇರಿ, ಬಂಡಿ ಕಟ್ಟಿಕೊಂಡು ಕರೆದೊಯ್ಯಲು ಬಂದ. ಬೋರ್ಡಿಂಗಿನ ಅದೇ ಕಟ್ಟೆಯ ಮೇಲೆ ಕೂತು ಅತ್ತ. ನನ್ನ ಮಗ ಅಳುವುದನ್ನು ಅವನ ಅಪ್ಪ ಸತ್ತ ಮೇಲೆ ಅಂದೇ ಕಂಡದ್ದು. “ನೋಡು ಯವ್ವಾ, ಮಣ್ಣ ಹಾಕಿದಿ,” ಎಂದ. ಹಾಕಿದ್ದೆ. ಇಲ್ಲ ಎನ್ನಲಿಲ್ಲ. “ಹಾಕಿದ ಕೈನೇ ರೊಟ್ಟಿ ಬಡೀತದ. ಜೋಳದ ಚೀಲ ಇಳಸು,” ಎಂದೆ.

ಹೀಗೆ ನಾನು ಬೀದರದವಳಾದೆ. ರಹೀಮುನ್ನಿಸಾ ಅವರ ಮನೆಯ ಹಿಂದೆ ಒಂದು ಕೋಣೆ. ಬಾಡಿಗೆ ಕೇಳಿದರೆ, ದಿನಾ ಮಧ್ಯಾಹ್ನ ಬಂದು ಸಾಯಗಾಂವದ ಸುದ್ದಿ ಹೇಳು ಎನ್ನುತ್ತಾರೆ. ಹಾವಗೆಪ್ಪ ಸಾಲೆಗೆ ಹೋಗುತ್ತಿದ್ದಾನೆ. ನಾನು ನಸುಕಿನಲ್ಲಿ ಎದ್ದು ಒಲೆ ಹೊತ್ತಿಸುತ್ತೇನೆ. ಊರಲ್ಲಿ ಸೊಸೆ ಬಂದ ಮೇಲೆ ಮರೆತಿದ್ದ ಕೆಲಸ, ಕೈ ಸುಟ್ಟುಕೊಂಡು ಮತ್ತೆ ಕಲಿತೆ.

ಈಗ ನಬೀಸಾಬರು ಹೇಳಿದ ಮಾತು. ಔರಾದಿನ ಸಾಲೆ ಈ ವರ್ಷಕ್ಕೆ ಮಚ್ಛೇಂದ್ರನಿಗೆ ಮುಗಿಯುತ್ತದೆ. ಬೀದರದ ಸಾಲೆಗೆ ಸೇರಿಸಿಕೊಳ್ಳಲು ಅವರು ತಯಾರು. ಅವನನ್ನು ತಡೆಯುವುದಕ್ಕಿಂತ ಅವನು ನಮ್ಮ ಕಡೆ ಇರುವುದೇ ಸಸಾರ ಎನ್ನುತ್ತಾರೆ. ಆದರೆ ಅವನನ್ನು ಇಟ್ಟುಕೊಳ್ಳುವ ಬೋರ್ಡಿಂಗು ಈ ಊರಲ್ಲಿಲ್ಲ.

ನನ್ನ ಕೋಣೆಗೆ ಒಂದೇ ಬಾಗಿಲು, ಒಂದೇ ಒಲೆ. ಕಟ್ಟೆ ಇಲ್ಲ, ಇದ್ದರೂ ಅದರ ಮೇಲೆ ಯಾರ ತಾಟನ್ನೂ ಇಡುವುದಿಲ್ಲ. ಕಳಿಸು ಎಂದು ನಾನು ಹೇಳುವುದಿಲ್ಲ. ಹೇಳಿಯೇ ಒಮ್ಮೆ ಕೆಟ್ಟಿದ್ದೇನೆ. ಕೇಳುತ್ತಿದ್ದೇನೆ. ಕಳಿಸುತ್ತೀಯಾ?

ಈರವ್ವ


ಔರಾದ
ಫರವರ್ದಿ ೨, ಫಸಲಿ ೧೩೪೩

ಈರವ್ವಾ,

ಹುಡುಗ ನಿನ್ನ ಕಾಗದವನ್ನು ಓದಿದ. ಬಿದ್ದ ಜಾಗ ಬಂದಾಗ ಬೇಗ ಬೇಗ ಓದಿದ, ಕೆಡವಿದ ಜಾಗ ಬಂದಾಗ ಎರಡು ಸಲ ಓದಿದ.

ಔರಾದಿಗೆ ಕಪ್ಪು ಬಂದ ದಿನ ಇಲ್ಲಿ ಹಲಗೆ ಬಾರಿಸಿದರು. ಕರೀಮ ಸಾಬರು ಮಾತು ಉಳಿಸಿಕೊಂಡರು, ನಮ್ಮ ಬಾಗಿಲವರೆಗೂ ನಡೆದು ಬಂದರು. ಯಾರೂ ಏನೂ ಅನ್ನಲಿಲ್ಲ. ಮುಂದೆ ಅನ್ನಲಾರರು ಎಂದು ನಾನು ನಂಬಿಲ್ಲ. ನಂಬುವ ವಯಸ್ಸು ಔರಾದಿಗೆ ಬರುವ ದಾರಿಯಲ್ಲೇ ಮುಗಿಯಿತು.

ನಿನ್ನ ಹೊಲದಲ್ಲಿ ನಮ್ಮವ್ವ ದುಡಿದಳು. ನಿಮ್ಮ ಮನೆಯಿಂದ ನಮಗೆ ರೊಟ್ಟಿ ಬರುತ್ತಿತ್ತು, ಮೇಲಿನಿಂದ ಸೆರಗಿಗೆ ಬೀಳುತ್ತಿತ್ತು, ತಂಗಳು. ಹಂಚಿನಿಂದ ಇಳಿದ ಬಿಸಿ ರೊಟ್ಟಿ ನಿಮ್ಮ ಮನೆಯಲ್ಲಿ ಹೇಗಿರುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ಸೊಸೆಯ ಕೈಯ ರೊಟ್ಟಿ ಉಂಡು ಬಡಿಯುವುದನ್ನೇ ಮರೆತವಳು ನೀನು, ಈಗ ಕಲಿಯುತ್ತಿದ್ದೀ ಬೇರೆ. ಗೊತ್ತಿಲ್ಲದ ಮನೆಗೆ ಬೆಳೆಯುವ ಹುಡುಗನನ್ನು ಹಾಗೆಯೇ ಬಿಡಲಾರೆ.

ಆದ್ದರಿಂದ ಹೋಳಿ ಹುಣ್ಣಿಮೆ ಕಳೆದ ಮೇಲೆ ನಾನೇ ಮೊದಲು ಬರುತ್ತೇನೆ. ಒಳಗೆ, ಒಲೆಯ ಮುಂದೆ ಕೂರುತ್ತೇನೆ. ನೀನು ಬಡಿ, ನಾನು ತಿಂದು ನೋಡುತ್ತೇನೆ. ಚಲೋ ಇದ್ದರೆ ಹುಡುಗನನ್ನು ಬಿಡುತ್ತೇನೆ.

ಸುಭದ್ರಿ